ಕಂಡುಹಿಡಿದವರ ಖಾತೆಯಲ್ಲಿ 55–60

ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ ಶುರುವಾಗಿದ್ದು 1898–99ರಲ್ಲಿ. ಅಲ್ಲಿಂದ ಇಲ್ಲಿಗೆ ಸವಾ ಶತಮಾನ ದಾಟಿದೆ. ಇಷ್ಟು ವರ್ಷದಲ್ಲಿ ಆ ತಂಡಕ್ಕೆ ಇದ್ದ ಪೂರ್ಣಾವಧಿ ಕೋಚ್‌ಗಳು ಎಂಟೇ ಎಂಟು ಜನ. ಅವರ ರೆಕಾರ್ಡ್ ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಗೆಲುವು, ಸೋಲು ಅಂತ ಎರಡು ಅಂಕಿ ಇರುತ್ತೆ. ಏಳು ಜನರದ್ದು ಗೆಲುವೇ ಜಾಸ್ತಿ, ಅದೂ ಸಿಕ್ಕಾಪಟ್ಟೆ ಜಾಸ್ತಿ. ಒಬ್ಬರದ್ದು ಮಾತ್ರ ಸೋಲು ಜಾಸ್ತಿ. 55 ಗೆಲುವು, 60 ಸೋಲು.

ಅವರ ಹೆಸರು ಜೇಮ್ಸ್ ನೈಸ್ಮಿತ್. ಬ್ಯಾಸ್ಕೆಟ್‌ಬಾಲ್ ಅನ್ನೋ ಆಟವನ್ನ ಕಂಡುಹಿಡಿದವರೇ ಇವರು.

ಕ್ರಿಕೆಟ್ ಕಂಡುಹಿಡಿದವರು ಯಾರು ಅಂದ್ರೆ ಒಂದು ಹೆಸರು ಹೇಳೋಕೆ ಆಗಲ್ಲ. ಕಬಡ್ಡಿ, ಖೋಖೋದ್ದಂತೂ ಕೇಳಲೇಬೇಡಿ. ಬ್ಯಾಸ್ಕೆಟ್‌ಬಾಲ್‌ದು ಹಾಗಲ್ಲ. ಹುಟ್ಟಿದ ಊರು, ತಿಂಗಳು, ಹುಟ್ಟಿಸಿದವರು, ಮೊದಲು ಆಡಿದ ಹುಡುಗರು ಎಷ್ಟು ಜನ, ಎಲ್ಲ ಪಕ್ಕಾ ಇದೆ. ಜನನ ಪ್ರಮಾಣಪತ್ರ ಇರೋ ಆಟ ಅದು. ಅಂಥ ಆಟದ ಅಪ್ಪನೇ ಸ್ವಂತ ಕಾಲೇಜಿನ ಪಟ್ಟಿಯಲ್ಲಿ ಸೋಲು ಜಾಸ್ತಿ ಇರೋ ಏಕೈಕ ಕೋಚ್.

ನನಗೆ ಈ ವಿಷಯ ತಗುಲಿಕೊಂಡಿದ್ದು ಕೆಲಸದಿಂದ. ನಮ್ಮ ಪ್ರಾಜೆಕ್ಟಿನ ಆ ಕಡೆಯವರು ಕ್ಯಾನ್ಸಸ್‌ನವರು. ನವೆಂಬರ್‌ನಿಂದ ಮಾರ್ಚ್‌ವರೆಗೆ ಸೋಮವಾರದ ಕಾಲ್‌ನಲ್ಲಿ ಮೊದಲ ಹತ್ತು ನಿಮಿಷ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಮಾತು. ನಾನು ಓದಿದ ಹಳ್ಳಿ ಶಾಲೆಯಲ್ಲಿ ಕಬಡ್ಡಿ, ಖೋಖೋ ಬಿಟ್ಟರೆ ಬೇರೆ ಆಟ ಇರಲಿಲ್ಲ. ಬ್ಯಾಸ್ಕೆಟ್‌ಬಾಲ್ ರಿಂಗು ಅಂತ ಕಣ್ಣಾರೆ ಕಂಡಿದ್ದೇ ಇಂಜಿನಿಯರಿಂಗ್‌ಗೆ ಸೇರಿದ ಮೇಲೆ. ಅದೂ ತುಕ್ಕು ಹಿಡಿದ ರಿಂಗು, ಬಲೆ ಇರಲಿಲ್ಲ. ಹಾಗಾಗಿ ಆ ಹತ್ತು ನಿಮಿಷ ಸುಮ್ಮನೆ ಕೂರೋ ಬದಲು ಓದ್ಕೊಳ್ಳೋಕೆ ಶುರು ಮಾಡಿದೆ. ಸ್ಕೋರಿಗಿಂತ ಆ ರೆಕಾರ್ಡ್ ಪುಸ್ತಕವೇ ರುಚಿ ಹತ್ತಿತು.

ನೈಸ್ಮಿತ್ ಕೆನಡಾದವರು. ಹುಟ್ಟಿದ್ದು 1861ರಲ್ಲಿ, ಒಂಟಾರಿಯೋದ ಆಲ್ಮಾಂಟ್ ಪಕ್ಕದ ಹಳ್ಳಿಗಾಡಿನಲ್ಲಿ. ಒಂಬತ್ತು ವರ್ಷ ತುಂಬೋ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಟೈಫಾಯ್ಡ್‌ಗೆ ಬಲಿಯಾದರು. ಬಂಧುಗಳ ಮನೆಯಲ್ಲಿ ಬೆಳೆದು, ಮಾಂಟ್ರಿಯಲ್‌ನ ಮೆಕ್‌ಗಿಲ್‌ನಲ್ಲಿ ಓದಿ, ಪಾದ್ರಿಯಾಗೋಕೆ ಬೇಕಾದ ದೇವತಾಶಾಸ್ತ್ರವನ್ನೂ ಕಲಿತರು. ಆಮೇಲೆ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಗೆ ಬಂದರು. ಅಲ್ಲಿ ಒಂದು ತರಗತಿ ಇತ್ತು, 18 ಜನ. ಚಳಿಗಾಲ, ಹೊರಗೆ ಹಿಮ. ಒಳಗೆ ಕವಾಯತು ಮಾಡಿ ಮಾಡಿ ಬೇಜಾರಾಗಿ ಮೇಷ್ಟ್ರುಗಳ ತಲೆ ತಿನ್ನೋರು. ಇಬ್ಬರು ಮೇಷ್ಟ್ರು ಸೋತು ಕೈ ಚೆಲ್ಲಿದ ಮೇಲೆ ಮುಖ್ಯಸ್ಥ ಲೂಥರ್ ಗುಲಿಕ್ ಆ ತರಗತಿಯನ್ನ ನೈಸ್ಮಿತ್ ತಲೆಗೆ ಕಟ್ಟಿದರು. ಒಳಾಂಗಣದಲ್ಲಿ ಆಡೋಕೆ ಆಗೋ ಹೊಸ ಆಟ ಬೇಕು, ಗಡುವು ಎರಡು ವಾರ.

ಎರಡು ವಾರದ ಸ್ಪ್ರಿಂಟ್ ಅಂತ ನಾವು ಹೇಳ್ತೀವಲ್ಲ, ಅದೇ. ಮೊದಲ ದಿನಗಳಲ್ಲಿ ಫುಟ್‌ಬಾಲ್, ಲಕ್ರಾಸ್‌ಗಳನ್ನೇ ಒಳಗೆ ತಂದು ನೋಡಿದರು. ಹುಡುಗರು ಗಾಯ ಮಾಡಿಕೊಂಡರು, ಅಷ್ಟೇ. ಕೊನೆಗೆ ಚಿಕ್ಕಂದಿನ ಒಂದು ಆಟ ನೆನಪಾಯಿತು. ದೊಡ್ಡ ಬಂಡೆ ಮೇಲೆ ಚಿಕ್ಕ ಕಲ್ಲಿಟ್ಟು ದೂರದಿಂದ ಇನ್ನೊಂದು ಕಲ್ಲೆಸೆದು ಬೀಳಿಸೋದು, ನಮ್ಮ ಲಗೋರಿಯ ದೂರದ ನೆಂಟ ಅನ್ನಿ. ಅದರಲ್ಲಿ ರಪ್ಪನೆ ಬೀಸಿ ಎಸೆದವನಿಗಿಂತ ಕಮಾನಿನ ಹಾಗೆ ಮೇಲಕ್ಕೆ ಎಸೆದವನೇ ಜಾಣ. ಗುರಿಯನ್ನ ತಲೆಗಿಂತ ಮೇಲೆ ಅಡ್ಡಡ್ಡ ಇಟ್ಟುಬಿಟ್ಟರೆ ಬಲ ಕೆಲಸಕ್ಕೆ ಬರಲ್ಲ, ಚೆಂಡು ಹಿಡ್ಕೊಂಡು ಓಡೋದನ್ನ ನಿಷೇಧಿಸಿದರೆ ಕೆಡವೋ ಅಗತ್ಯವೂ ಇಲ್ಲ. ಕಟ್ಟಡ ನೋಡ್ಕೊಳ್ಳೋರ ಹತ್ತಿರ ಎರಡು ಪೆಟ್ಟಿಗೆ ಕೇಳಿದರೆ ಅವರು ತಂದಿದ್ದು ಪೀಚ್ ಹಣ್ಣಿನ ಬುಟ್ಟಿ. ಅವನ್ನ ಬಾಲ್ಕನಿಯ ಕಟಕಟೆಗೆ ಮೊಳೆ ಹೊಡೆದರು. ಆ ಕಟಕಟೆ ಇದ್ದಿದ್ದು 10 ಅಡಿ ಎತ್ತರದಲ್ಲಿ. ಇವತ್ತಿಗೂ ಜಗತ್ತಿನ ಎಲ್ಲ ರಿಂಗುಗಳು ಇರೋದು ಅದೇ 10 ಅಡಿಗೆ. 13 ನಿಯಮ ಟೈಪ್ ಮಾಡಿಸಿ ಗೋಡೆಗೆ ಹಚ್ಚಿದರು. 1891ರ ಡಿಸೆಂಬರ್, ಒಂದೊಂದು ಕಡೆ ಒಂಬತ್ತು ಜನ. ಮೊದಲ ಆಟದ ಸ್ಕೋರು 1–0.

ಈ ಶಾಲೆಗೂ ನಮಗೂ ಒಂದು ನಂಟಿದೆ. ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತ ಹ್ಯಾರಿ ಬಕ್ ಅನ್ನೋರು 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಕಟ್ಟಿದರು. ದಕ್ಷಿಣದ ಎಷ್ಟೋ ಶಾಲೆಗಳ ಪಿ.ಟಿ. ಮೇಷ್ಟ್ರುಗಳು ಅಲ್ಲಿಂದ ಬಂದವರು. ಸೀಟಿ ಕೊರಳಿಗೆ ಹಾಕ್ಕೊಂಡು, ಬಿಳಿ ಪ್ಯಾಂಟಲ್ಲಿ ನಿಂತು, ಗೆದ್ದವರನ್ನೂ ಸೋತವರನ್ನೂ ಒಂದೇ ಥರ ಬಯ್ಯೋ ಆ ಮೇಷ್ಟ್ರುಗಳನ್ನ ನೀವೂ ನೋಡಿರ್ತೀರಿ. ನೈಸ್ಮಿತ್ ಆ ಜಾತಿಯ ಮೂಲಪುರುಷ ಅಂದ್ಕೊಂಡರೆ 55–60 ಅರ್ಥ ಆಗೋಕೆ ಶುರುವಾಗುತ್ತೆ.

ಯಾಕಂದ್ರೆ ಅವರು ಕ್ಯಾನ್ಸಸ್‌ಗೆ ಹೋಗಿದ್ದು ಬ್ಯಾಸ್ಕೆಟ್‌ಬಾಲ್ ಕೋಚ್ ಅಂತ ಅಲ್ಲ. ಸ್ಪ್ರಿಂಗ್‌ಫೀಲ್ಡ್ ಬಿಟ್ಟು ಡೆನ್ವರ್‌ಗೆ ಹೋಗಿ, ಅಲ್ಲಿ ವೈಎಂಸಿಎ ಕೆಲಸದ ಜೊತೆಜೊತೆಗೇ ವೈದ್ಯಕೀಯ ಓದಿ ಡಾಕ್ಟರ್ ಆಗಿದ್ದರು. 1898ರಲ್ಲಿ ವಿಶ್ವವಿದ್ಯಾಲಯ ಅವರನ್ನ ತಗೊಂಡಿದ್ದು ದೈಹಿಕ ಶಿಕ್ಷಣ ನೋಡ್ಕೊಳ್ಳೋಕೆ, ಪ್ರಾರ್ಥನಾ ಮಂದಿರ ನಡೆಸೋಕೆ. ಬ್ಯಾಸ್ಕೆಟ್‌ಬಾಲ್ ತಂಡ ಅವರ ಜೊತೆ ಬಂದ ಬಾಲ. 1899ರ ಫೆಬ್ರವರಿ 3ರಂದು ಮೊದಲ ಪಂದ್ಯ, ಕ್ಯಾನ್ಸಸ್ ಸಿಟಿ ವೈಎಂಸಿಎ ಮೇಲೆ. ಸೋತರು, 16–5.

ಒಂಬತ್ತು ಸೀಸನ್ನಿಗೆ ಒಟ್ಟು 115 ಪಂದ್ಯ, ಅಂದ್ರೆ ವರ್ಷಕ್ಕೆ ಹನ್ನೆರಡೋ ಹದಿಮೂರೋ. ಎದುರಾಳಿಗಳಲ್ಲಿ ಕಾಲೇಜುಗಳಷ್ಟೇ ಅಲ್ಲ, ವೈಎಂಸಿಎಗಳೂ ಇದ್ದವು. ಅಲ್ಲಿನವರು ಹುಡುಗರಲ್ಲ, ವರ್ಷಗಟ್ಟಲೆ ಆಡಿ ಪಳಗಿದ ಗಂಡಸರು. ಇನ್ನು ನೈಸ್ಮಿತ್ ಎಷ್ಟೋ ಸಲ ತಮ್ಮ ತಂಡದ ಪಂದ್ಯಕ್ಕೆ ತಾವೇ ರೆಫರಿ ಆಗಿ ನಿಲ್ತಿದ್ದರು! ಬೆಂಚಲ್ಲಿ ಕೂತು ತಂತ್ರ ಹೇಳ್ಕೊಡೋದು ಅವರಿಗೆ ಒಗ್ಗದ ಕೆಲಸ. ಅವರ ಲೆಕ್ಕದಲ್ಲಿ ಈ ಆಟ ಚಳಿಗಾಲದಲ್ಲಿ ಮೈ ಚುರುಕಾಗಿಡೋ ಒಂದು ವ್ಯಾಯಾಮ. ಕುಸ್ತಿ, ಕತ್ತಿವರಸೆ, ಜಿಮ್ನಾಸ್ಟಿಕ್ಸ್ ಇವೆಲ್ಲ ಅವರಿಗೆ ಇದಕ್ಕಿಂತ ಕಡಿಮೆಯೇನೂ ಆಗಿರಲಿಲ್ಲ. ಆ ಕಾಲಕ್ಕೆ ಅಪ್ರೈಸಲ್ ಇದ್ದಿದ್ರೆ ಖಂಡಿತ ಕೆಳಗಿನ ಬ್ಯಾಂಡು.

ಅವರ ತಂಡದಲ್ಲಿ ಆಡಿದ ಒಬ್ಬ ಹುಡುಗ ಇದನ್ನ ಒಪ್ಪಲಿಲ್ಲ. ಹೆಸರು ಫಾರೆಸ್ಟ್ ಆಲನ್. ಬೇಸ್‌ಬಾಲ್ ಅಂಪೈರ್ ಆಗಿ ನಿಂತಾಗ ಮಂಜಿನಲ್ಲಿ ಹಡಗು ಊದೋ ಕಹಳೆಯ ಹಾಗೆ ಕೂಗ್ತಿದ್ದರಂತೆ, ಅದಕ್ಕೇ ಎಲ್ಲರ ಬಾಯಲ್ಲೂ ಫಾಗ್ ಆಲನ್. ಈ ಮನುಷ್ಯನಿಗೆ ಆಟದ ಜೊತೆಗೆ ವ್ಯವಹಾರವೂ ಗೊತ್ತಿತ್ತು. 1905ರಲ್ಲಿ, ಇನ್ನೂ 19ರ ವಯಸ್ಸಿಗೆ, ತಾವೇ ಜಗತ್ತಿನ ಚಾಂಪಿಯನ್ನರು ಅಂತ ಹೇಳ್ಕೊಂಡು ತಿರುಗ್ತಿದ್ದ ಬಫಲೋ ಜರ್ಮನ್ಸ್ ತಂಡವನ್ನ ಕ್ಯಾನ್ಸಸ್ ಸಿಟಿಗೆ ಕರೆಸಿ ಮೂರು ಪಂದ್ಯ ಆಡಿಸಿದರು. ಮೂರನೇದಕ್ಕೆ ರೆಫರಿ ನಮ್ಮ ನೈಸ್ಮಿತ್. ಗೆದ್ದಿದ್ದು ಆಲನ್ ಕಡೆಯವರು.

ಆಮೇಲೆ ಆಲನ್‌ಗೆ ಪಕ್ಕದ ಬೇಕರ್ ವಿಶ್ವವಿದ್ಯಾಲಯದಿಂದ ಕೋಚ್ ಆಗಿ ಬನ್ನಿ ಅಂತ ಕರೆ ಬಂತು. ನೈಸ್ಮಿತ್‌ಗೆ ನಗು. ಬ್ಯಾಸ್ಕೆಟ್‌ಬಾಲ್ ಆಡೋದಪ್ಪಾ, ಅದನ್ನ ಕೋಚ್ ಮಾಡೋದು ಅಂತ ಇರುತ್ತಾ ಅನ್ನೋ ಧಾಟಿಯಲ್ಲಿ ಮಾತಾಡಿದರು ಅನ್ನೋದು ಲಾರೆನ್ಸ್ ಊರಿನಲ್ಲಿ ಎಲ್ಲರಿಗೂ ಬಾಯಿಪಾಠ ಆಗಿರೋ ಕಥೆ. ಹುಡುಗ ಕೇಳಲಿಲ್ಲ. 1907ರಲ್ಲಿ ಗುರುವಿನ ಜಾಗಕ್ಕೇ ಬಂದು ಕೂತರು. ಎರಡು ವರ್ಷ ನಡೆಸಿ, ಬಿಟ್ಟುಹೋಗಿ, ಮೂಳೆ ಸಂದುಗಳ ಚಿಕಿತ್ಸೆ ಕಲಿತು, 1919ರಲ್ಲಿ ಮತ್ತೆ ಬಂದವರು ಕದಲಿದ್ದು 1956ರಲ್ಲಿ. ಒಟ್ಟು 39 ಸೀಸನ್, 590 ಗೆಲುವು, 219 ಸೋಲು.

ಮಧ್ಯೆ ಒಂದು ತಮಾಷೆ ಇದೆ. 1919ರಲ್ಲಿ ಆಲನ್ ಪೂರ್ತಿ ವಹಿಸ್ಕೊಳ್ಳೋ ಮುಂಚೆ ಕಾರ್ಲ್ ಶ್ಲೇಡ್‌ಮನ್ ಅನ್ನೋರು ಒಂದೇ ಒಂದು ಪಂದ್ಯಕ್ಕೆ ಕೋಚ್ ಆಗಿದ್ದರು. ಗೆದ್ದರು. ಆಮೇಲೆ ಓಟದ ತಂಡ ನೋಡ್ಕೊಳ್ಳೋಕೆ ಹೋದರು. ಅವರ ದಾಖಲೆ 1–0, ನೂರಕ್ಕೆ ನೂರು. ಎಂಟು ಜನರ ಪಟ್ಟಿಯಲ್ಲಿ ಅವರನ್ನ ಲೆಕ್ಕಕ್ಕೆ ಹಿಡಿಯಲ್ಲ, ಆದರೆ ಶೇಕಡಾವಾರು ಪ್ರಕಾರ ಸಾರ್ಟ್ ಮಾಡಿ ನೋಡಿ, ಎಲ್ಲಕ್ಕಿಂತ ಮೇಲೆ ಶ್ಲೇಡ್‌ಮನ್, ಎಲ್ಲಕ್ಕಿಂತ ಕೆಳಗೆ ಆಟ ಕಂಡುಹಿಡಿದವರು. ಸ್ಯಾಂಪಲ್ ಸೈಜ್ ನೋಡದೆ ಡ್ಯಾಶ್‌ಬೋರ್ಡ್ ಮಾಡೋರಿಗೆ ಇದನ್ನ ಪ್ರಿಂಟ್ ತೆಗೆದು ಕೊಡಬೇಕು.

ಆಲನ್ ಕೆಲಸ 590ಕ್ಕೇ ನಿಲ್ಲಲ್ಲ. 1927ರಲ್ಲಿ ನಿಯಮ ಸಮಿತಿಯವರು ಡ್ರಿಬಲ್ ಅನ್ನ ಒಂದೇ ಪುಟಿತಕ್ಕೆ ಇಳಿಸೋಕೆ ಹೊರಟಾಗ ಕೋಚ್‌ಗಳನ್ನೆಲ್ಲ ಒಟ್ಟುಹಾಕಿ ಸಂಘ ಕಟ್ಟಿದರು, ನಿಯಮ ಬಿದ್ದುಹೋಯ್ತು. ಆಟವನ್ನ ಒಲಿಂಪಿಕ್ಸ್‌ಗೆ ಸೇರಿಸಿ ಅಂತ ವರ್ಷಗಟ್ಟಲೆ ಬೆನ್ನುಬಿದ್ದರು. 1936ರ ಬರ್ಲಿನ್‌ನಲ್ಲಿ ಅದು ನಡೆದಾಗ ಆ ಕೋಚ್‌ಗಳ ಸಂಘವೇ ಹಣ ಸೇರಿಸಿ 74 ವರ್ಷದ ನೈಸ್ಮಿತ್‌ರನ್ನ ಕಳಿಸಿತು. ಇಪ್ಪತ್ತಕ್ಕೂ ಹೆಚ್ಚು ದೇಶಗಳು ಆಡಿದವು. ಫೈನಲ್ಲು ಬಯಲಲ್ಲಿ, ಮಣ್ಣಿನ ಅಂಕಣದಲ್ಲಿ, ಮಳೆಯಲ್ಲಿ. ಚೆಂಡು ಪುಟಿಯೋದೇ ಇಲ್ಲ. ಅಮೆರಿಕ 19, ಕೆನಡಾ 8. ಒಂದು ಅವರು ಹುಟ್ಟಿದ ದೇಶ, ಇನ್ನೊಂದು ಅವರು ಪೌರರಾದ ದೇಶ. ಕೋಚಿಂಗ್ ಅನ್ನೋದೇ ಇಲ್ಲ ಅಂದಿದ್ದ ಮೇಷ್ಟ್ರಿಗೆ ಟಿಕೆಟ್ ತೆಗೆಸಿದ್ದು ಕೋಚ್‌ಗಳು, ಇದು ನನಗೆ ಬಹಳ ಇಷ್ಟವಾದ ವಿವರ.

ಶಿಷ್ಯರ ಲೆಕ್ಕ ನೋಡಿ. 1920ರ ದಶಕದ ಶುರುವಿನಲ್ಲಿ ಆಲನ್ ತಂಡದ ಬೆಂಚಲ್ಲಿ ಕೂತಿದ್ದ ಹುಡುಗ ಅಡಾಲ್ಫ್ ರಪ್, ಮುಂದೆ ಕೆಂಟಕಿಯಲ್ಲಿ 876 ಪಂದ್ಯ ಗೆದ್ದರು. 1952ರಲ್ಲಿ ಆಲನ್ ರಾಷ್ಟ್ರೀಯ ಚಾಂಪಿಯನ್ ಆದಾಗ ತಂಡದಲ್ಲಿದ್ದ ಇನ್ನೊಬ್ಬ ಹುಡುಗ ಡೀನ್ ಸ್ಮಿತ್, ನಾರ್ತ್ ಕ್ಯಾರೊಲಿನಾದಲ್ಲಿ 879 ಗೆದ್ದರು. ದೇಶದಲ್ಲೇ ಅತಿ ಹೆಚ್ಚು ಗೆಲುವಿನ ದಾಖಲೆ ಆಲನ್‌ರಿಂದ ರಪ್‌ಗೆ, ರಪ್‌ರಿಂದ 1997ರಲ್ಲಿ ಸ್ಮಿತ್‌ಗೆ ಹೋಯ್ತು. ಮನೆತನದ ಸಂಗೀತದ ಹಾಗೆ ಒಂದೇ ಪರಂಪರೆಯಲ್ಲೇ ಇತ್ತು. ಆ ಮರದ ಬುಡಕ್ಕೆ ಹೋದರೆ ಸಿಗೋದು 55–60.

ಆಲನ್‌ಗೆ ಕೊನೆಗೆ ಆಗಿದ್ದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ವಿಲ್ಟ್ ಚೇಂಬರ್ಲಿನ್ ಅನ್ನೋ ಏಳಡಿ ಹುಡುಗನನ್ನ ಫಿಲಡೆಲ್ಫಿಯಾದಿಂದ ಕರೆತಂದರು. ಮೊದಲ ವರ್ಷದವರು ಮುಖ್ಯ ತಂಡಕ್ಕೆ ಆಡೋ ಹಾಗಿರಲಿಲ್ಲ. 1955ರ ನವೆಂಬರಿನಲ್ಲಿ ಹೊಸಬರ ತಂಡಕ್ಕೂ ಮುಖ್ಯ ತಂಡಕ್ಕೂ ಒಂದು ಪಂದ್ಯ ಇಟ್ಟರೆ, ವಿಲ್ಟ್ ಒಬ್ಬನೇ 42 ಪಾಯಿಂಟ್ ಹೊಡೆದು ಹೊಸಬರನ್ನ ಗೆಲ್ಲಿಸಿದ. ಇವನನ್ನಿಟ್ಟುಕೊಂಡು ಮುಂದಿನ ವರ್ಷ ಏನೇನು ಮಾಡಬಹುದು ಅಂತ ಆಲನ್ ಲೆಕ್ಕ ಹಾಕ್ತಿರೋವಾಗಲೇ 70 ವರ್ಷ ತುಂಬಿತು. ಸರ್ಕಾರಿ ಕೆಲಸ, ಕಡ್ಡಾಯ ನಿವೃತ್ತಿ. ಇನ್ನೊಂದೆರಡು ವರ್ಷ ಬಿಡಿ ಅಂತ ಕೇಳಿದರು, ಬಿಡಲಿಲ್ಲ. ವಿಲ್ಟ್ ಮುಖ್ಯ ತಂಡಕ್ಕೆ ಆಡಿದ ಮೊದಲ ಪಂದ್ಯದಲ್ಲೇ 52 ಪಾಯಿಂಟ್ ಗಳಿಸಿದ, ಆಗ ಕೋಚ್ ಆಗಿದ್ದವರು ಡಿಕ್ ಹಾರ್ಪ್. ಆ ಗೆಲುವು ಹಾರ್ಪ್ ಖಾತೆಗೆ. ಆಲನ್ 590ಕ್ಕೆ ನಿಂತರು. ಆ ಹೊತ್ತಿಗಾಗಲೇ ಕಾಲೇಜು ಹೊಸ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟಿತ್ತು, 1955ರಲ್ಲಿ, ಅವರಿನ್ನೂ ಕೆಲಸದಲ್ಲಿದ್ದಾಗಲೇ. ಕಟ್ಟಡ ಆಲನ್ ಫೀಲ್ಡ್‌ಹೌಸ್, ಒಳಗಿನ ಅಂಕಣಕ್ಕೆ ನೈಸ್ಮಿತ್ ಹೆಸರು.

ಆ 590 ಅಂಕಿ 68 ವರ್ಷ ಹಾಗೇ ಇತ್ತು. 2024ರ ನವೆಂಬರ್ 8ರಂದು ಬಿಲ್ ಸೆಲ್ಫ್ ಅದನ್ನ ದಾಟಿದರು. ಎದುರಾಳಿ ಡೀನ್ ಸ್ಮಿತ್‌ರ ನಾರ್ತ್ ಕ್ಯಾರೊಲಿನಾ, ಸ್ಕೋರು 92–89, ಆಡಿದ್ದು ಆಲನ್ ಹೆಸರಿನ ಕಟ್ಟಡದಲ್ಲೇ. ಆಲನ್‌ಗೆ 39 ಸೀಸನ್ ಬೇಕಾಗಿತ್ತು, ಸೆಲ್ಫ್‌ಗೆ ಅದು 22ನೇ ಸೀಸನ್ನಿನ ಎರಡನೇ ಪಂದ್ಯ. ಈಗಿನವರು ವರ್ಷಕ್ಕೆ ಮೂವತ್ತಕ್ಕೂ ಮೇಲೆ ಆಡ್ತಾರೆ, ಆಲನ್ ಕಾಲಕ್ಕೆ ಸರಾಸರಿ ಇಪ್ಪತ್ತೊಂದರ ಹತ್ತಿರ.

ಆದರೆ ಇಲ್ಲೊಂದು ಸಿಕ್ಕು. ಕೋರ್ಟಿನಲ್ಲಿ ಎಣಿಸಿದವರ ಪ್ರಕಾರ ಆ ರಾತ್ರಿ ಸೆಲ್ಫ್‌ರ ಗೆಲುವು 591 ಅಲ್ಲ, 606. ಆ ಹದಿನೈದು ಎಲ್ಲಿ ಹೋದವು? 2017ರಲ್ಲಿ ಎಫ್‌ಬಿಐ ಕಾಲೇಜ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಶೂ ಕಂಪನಿಗಳ ದುಡ್ಡು ಹೇಗೆ ಓಡಾಡುತ್ತೆ ಅನ್ನೋದನ್ನ ಬಯಲಿಗೆಳೆಯಿತು. ಕ್ಯಾನ್ಸಸ್‌ನ ಹೆಸರೂ ಬಂತು. ವರ್ಷಗಟ್ಟಲೆ ವಿಚಾರಣೆ ನಡೆದು 2023ರ ಅಕ್ಟೋಬರಿನಲ್ಲಿ ತೀರ್ಪು ಬಂತು: ಅರ್ಹತೆ ಇಲ್ಲದ ಒಬ್ಬ ಆಟಗಾರ 2017–18ರ ಸೀಸನ್ನಿನಲ್ಲಿ ಆಡಿದ್ದ, ಹಾಗಾಗಿ 15 ಗೆಲುವು ರದ್ದು. ಆ ವರ್ಷ ಕೊನೆಯ ನಾಲ್ಕರ ಘಟ್ಟಕ್ಕೆ ಹೋಗಿದ್ದೂ ರದ್ದು. ಚಾವಣಿಯಿಂದ ಆ ವರ್ಷದ ಬ್ಯಾನರ್ ಇಳಿಯಿತು.

ರದ್ದು ಅಂದ್ರೆ ಏನು ಅನ್ನೋದು ನಮ್ಮಂಥ ಡೇಟಾಬೇಸ್ ಮಂದಿಗೆ ಮಜಾ ಕೊಡುತ್ತೆ. ಗೆದ್ದವರ ಗೆಲುವು ಹೋಗುತ್ತೆ, ಸೋತವರಿಗೆ ಗೆಲುವು ಸಿಗಲ್ಲ. 2018ರ ಮಾರ್ಚಿನಲ್ಲಿ ಕ್ಯಾನ್ಸಸ್ ಹೆಚ್ಚುವರಿ ಸಮಯಕ್ಕೆ ಹೋಗಿ ಡ್ಯೂಕ್ ತಂಡವನ್ನ 85–81ರಿಂದ ಸೋಲಿಸಿತು. ಕೋಟ್ಯಂತರ ಜನ ಟಿವಿಯಲ್ಲಿ ನೋಡಿದರು. ಡ್ಯೂಕ್ ಪುಸ್ತಕದಲ್ಲಿ ಆ ಸೋಲು ಹಾಗೇ ಇದೆ, ಕ್ಯಾನ್ಸಸ್ ಪುಸ್ತಕದಲ್ಲಿ ಆ ಗೆಲುವು ಇಲ್ಲ. ಒಂದು ಟೇಬಲ್ಲಿನಲ್ಲಿ ಸಾಲು ಅಳಿಸಿ ಇನ್ನೊಂದರಲ್ಲಿ ಬಿಟ್ಟ ಹಾಗೆ. ನಮ್ಮ ಕೋಡ್ ರಿವ್ಯೂನಲ್ಲಿ ಇದು ಪಾಸ್ ಆಗ್ತಿರಲಿಲ್ಲ.

ಅದೇ ಚಾವಣಿಯಲ್ಲಿ 1922, 1923ರ ರಾಷ್ಟ್ರೀಯ ಚಾಂಪಿಯನ್ ಅನ್ನೋ ಬ್ಯಾನರ್‌ಗಳೂ ಇವೆ. ಆ ವರ್ಷಗಳಲ್ಲಿ ರಾಷ್ಟ್ರೀಯ ಟೂರ್ನಿಯೇ ಇರಲಿಲ್ಲ, ಎನ್‌ಸಿಎಎ ಟೂರ್ನಿ ಶುರುವಾಗಿದ್ದು 1939ರಲ್ಲಿ. ಲಾಸ್ ಏಂಜಲೀಸ್‌ನ ಹೆಲ್ಮ್ಸ್ ಪ್ರತಿಷ್ಠಾನದವರು ಎಷ್ಟೋ ವರ್ಷ ಆದಮೇಲೆ ಕೂತು, ಹಳೇ ಫಲಿತಾಂಶ ನೋಡಿ, ಆ ವರ್ಷದ ಬೆಸ್ಟ್ ಇವರು ಅಂತ ಘೋಷಿಸಿದ್ದು. ಆಡದ ಟೂರ್ನಿಯ ಬ್ಯಾನರ್ ಮೇಲಿದೆ, ಆಡಿ ತಲುಪಿದ ಘಟ್ಟದ ಬ್ಯಾನರ್ ಕೆಳಗಿಳಿದಿದೆ. ಶಿಕ್ಷೆ ಸರಿಯೋ ತಪ್ಪೋ ಅನ್ನೋದು ಬೇರೆ ಮಾತು, ನಿಯಮ ಮುರಿದರೆ ದಂಡ ಕಟ್ಟಲೇಬೇಕು. ಆದರೆ ನನ್ನ ಪ್ರಕಾರ ದಂಡ ಹಾಕೋದು ಒಂದು, ಆಗಿದ್ದನ್ನ ಆಗಲಿಲ್ಲ ಅನ್ನೋದು ಇನ್ನೊಂದು.

ಇಷ್ಟೆಲ್ಲ ತಿದ್ದುಪಡಿ ಮಾಡೋ ಪುಸ್ತಕದಲ್ಲಿ ನೈಸ್ಮಿತ್‌ರ ಸಾಲನ್ನ ಯಾರೂ ಮುಟ್ಟಿಲ್ಲ ಅನ್ನೋದು ನನಗೆ ಸಮಾಧಾನ. ವೈಎಂಸಿಎ ಪಂದ್ಯಗಳನ್ನ ಬಿಟ್ಟುಬಿಡೋಣ, ಅವರೇ ರೆಫರಿ ಆಗಿದ್ದ ಪಂದ್ಯ ಲೆಕ್ಕಕ್ಕಿಲ್ಲ ಅಂತ ಏನಾದ್ರೂ ನೆಪ ಹುಡುಕಿ ಮೂರ್ನಾಲ್ಕು ಸೋಲು ಕಳೆದಿದ್ರೆ ಲೆಕ್ಕ ಹತ್ತಿರಹತ್ತಿರ ಸರಿ ಆಗ್ತಿತ್ತು. ಮಾಡಿಲ್ಲ.

ಇನ್ನೊಬ್ಬರಿದ್ದಾರೆ, ಅವರಿಗೆ ಈ ಪುಸ್ತಕದಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ. ಜಾನ್ ಮೆಕ್‌ಲೆಂಡನ್, ಕ್ಯಾನ್ಸಸ್‌ನವರೇ, ಕಪ್ಪು ಹುಡುಗ. 1933ರಲ್ಲಿ ಓದೋಕೆ ಬಂದಾಗ ಅಪ್ಪ ಹೇಳಿದ್ದರಂತೆ, ಹೋಗಿ ನೈಸ್ಮಿತ್‌ರನ್ನ ನೋಡು, ಅವರೇ ನಿನ್ನ ಮಾರ್ಗದರ್ಶಕರು ಅಂತ. ಹೋದ, ಹಾಗೇ ಹೇಳಿದ. ಮುದುಕ ಮೇಷ್ಟ್ರು ಒಪ್ಪಿಕೊಂಡರು. ಆಗ ಕ್ರೀಡಾ ವಿಭಾಗದ ಮುಖ್ಯಸ್ಥರೂ, ಕೋಚೂ ಎರಡೂ ಆಲನ್. ಅವರ ತಂಡದಲ್ಲಿ ಕಪ್ಪು ಹುಡುಗರಿಗೆ ಜಾಗ ಇರಲಿಲ್ಲ. ಮೊದಲ ಕಪ್ಪು ಆಟಗಾರ ಬಂದಿದ್ದು 1950ರ ದಶಕದ ಆರಂಭದಲ್ಲಿ, ಆಲನ್ ಬಗ್ಗೆ ಬರೆಯೋವಾಗ ಇದನ್ನೂ ಬರೀಬೇಕು. ಮೆಕ್‌ಲೆಂಡನ್ ಆಡೋಕೆ ಆಗದೆ, ಕೋಚಿಂಗ್ ಕಲಿತರು. ಕಲಿಸಿದವರು ಕೋಚಿಂಗ್‌ನಲ್ಲಿ ನಂಬಿಕೆಯೇ ಇಲ್ಲ ಅಂತ ಹೆಸರಾದ ನೈಸ್ಮಿತ್. ಆ ಹುಡುಗ 1936ರಲ್ಲಿ ಪದವಿ ಮುಗಿಸೋವರೆಗೂ ಅಡ್ಡಿ ಬಂದಾಗಲೆಲ್ಲ ಮೇಷ್ಟ್ರು ಪರವಾಗಿ ನಿಂತರು.

ಮುಂದೆ ಮೆಕ್‌ಲೆಂಡನ್ ನಾರ್ತ್ ಕ್ಯಾರೊಲಿನಾದ ಡರ್ಹಮ್‌ನಲ್ಲಿ ಕಪ್ಪು ವಿದ್ಯಾರ್ಥಿಗಳ ಕಾಲೇಜೊಂದಕ್ಕೆ ಕೋಚ್ ಆದರು. 1944ರ ಮಾರ್ಚ್ 12, ಭಾನುವಾರ, ಊರಿಗೆ ಊರೇ ಚರ್ಚಿನಲ್ಲಿದ್ದ ಹೊತ್ತಿನಲ್ಲಿ ಡ್ಯೂಕ್ ವೈದ್ಯಕೀಯ ಕಾಲೇಜಿನ ಬಿಳಿಯರ ತಂಡ ಅವರ ಜಿಮ್‌ಗೆ ಬಂತು. ಬಾಗಿಲು ಹಾಕಿಕೊಂಡು ಆಡಿದರು. ಆ ಕಾಲದ ಆ ಊರಿನಲ್ಲಿ ಇದು ಗೊತ್ತಾಗಿದ್ರೆ ಜೀವಕ್ಕೇ ಅಪಾಯ. ರೆಫರಿ ಇದ್ದ, ಗಡಿಯಾರ ಇತ್ತು, ಪ್ರೇಕ್ಷಕರಿಗೆ ಪ್ರವೇಶ ಇರಲಿಲ್ಲ. ಮೆಕ್‌ಲೆಂಡನ್ ಹುಡುಗರು 88–44ರಿಂದ ಗೆದ್ದರು. ಆಮೇಲೆ ಎರಡೂ ತಂಡ ಬೆರೆಸಿ ಇನ್ನೊಂದು ಆಟ ಆಡಿದರು. ಅಧಿಕೃತ ದಾಖಲೆಯಲ್ಲಿ ಆ ಪಂದ್ಯ ಸೇರಲೇ ಇಲ್ಲ. ಅದು ಅಚ್ಚಿನಲ್ಲಿ ಹೊರಗೆ ಬಂದಿದ್ದು 1996ರಲ್ಲಿ.

1957, 1958, 1959, ಮೂರು ವರ್ಷ ಸತತ ಟೆನ್ನೆಸ್ಸೀಯ ತಮ್ಮ ತಂಡವನ್ನ ಚಿಕ್ಕ ಕಾಲೇಜುಗಳ ರಾಷ್ಟ್ರೀಯ ಚಾಂಪಿಯನ್ ಮಾಡಿದರು. ಮುಂದೆ ವೃತ್ತಿಪರ ಲೀಗಿನ ತಂಡಕ್ಕೂ ಕೋಚ್ ಆದರು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನೈಸ್ಮಿತ್ ಹೆಸರಿನ ಹಾಲ್ ಆಫ್ ಫೇಮ್ ಇದೆ. 1979ರಲ್ಲಿ ಮೆಕ್‌ಲೆಂಡನ್‌ರನ್ನ ಅಲ್ಲಿಗೆ ಸೇರಿಸಿದರು, ಆದರೆ ಕೋಚ್ ಅಂತ ಅಲ್ಲ, ಆಟಕ್ಕೆ ಕೊಡುಗೆ ಕೊಟ್ಟವರು ಅನ್ನೋ ವಿಭಾಗದಲ್ಲಿ. ಕೋಚ್ ಅಂತ ಇನ್ನೊಂದು ಸಲ ಸೇರಿಸಿದ್ದು 2016ರಲ್ಲಿ. ಅಷ್ಟೊತ್ತಿಗೆ ಅವರು ತೀರಿಕೊಂಡು 17 ವರ್ಷವಾಗಿತ್ತು.